ಅಂಕಿ ಬಿಟ್ಟ ಹೊನ್ನಕ್ಕ

"ಬಿಡ್ರೇ, ಸಾಕು. ಚರ್ಮ ಕಿತ್ತು ಬರಂಗೆ ತಿಕ್ಕಬ್ಯಾಡ್ರಿ," ಎಂದು ಉಚ್ಚೆಂಗೆಮ್ಮ ಸೊಸೆಯ ಕೈಯನ್ನು ಮೈ ತೊಳೆಯುತ್ತಿದ್ದ ಇಬ್ಬರು ಹೆಂಗಸರಿಂದ ಬಿಡಿಸಿಕೊಂಡಳು.

ದಾವಣಗೆರೆಯ ಆನೆಕೊಂಡದ ಆ ಮನೆಯ ಹಿತ್ತಿಲಲ್ಲಿ ಎರಡು ಸೀರೆ ಅಡ್ಡ ಕಟ್ಟಿ ಮರೆ ಮಾಡಿದ್ದರು. ಮರೆಯೊಳಗೆ ಹಲಗೆಯ ಮೇಲೆ ಹೊನ್ನಕ್ಕನ ದೇಹ. ಅವಳ ಜೊತೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಹೆಂಗಸರು ಬಿಸಿನೀರು ಹೊಯ್ದು, ಸೀಗೆಪುಡಿ ಹಚ್ಚಿ, ಉಗುರಿನ ಸಂದಿಯ ಮಸಿ ತೆಗೆಯಲು ನೋಡುತ್ತಿದ್ದರು. ವರ್ಷಗಟ್ಟಲೆ ಕಾದ ಮರಳಿನ ಬಾಣಲೆಯ ಮುಂದೆ ಕೂತ ಕೈ ಅದು. ಮಸಿ ಬೆರಳಿನ ಗೆರೆಗಳೊಳಗೇ ಇಳಿದಿತ್ತು.

"ಮುತ್ತೈದೆ ಹೋಗಾಕತ್ತಾಳೆ. ಕೈ ಇಷ್ಟು ಕರ್ರಗಿದ್ರೆ ಹೆಂಗವ್ವ?" ಎಂದಳು ಒಬ್ಬಳು.

"ದುಡಿದು ಕರ್ರಗಾಗಿದ್ದು, ಇರಲಿ. ಅರಿಶಿಣ ಹಚ್ಚಿ ಬಳಿ ತೊಡಿಸ್ರಿ."

ಕಾಮಾಲೆ ಹೊನ್ನಕ್ಕನನ್ನು ಒಂದು ವಾರದಲ್ಲಿ ಮುಗಿಸಿತ್ತು. ಇನ್ನೂ ನಲವತ್ತು ತುಂಬಿರಲಿಲ್ಲ. ಗಂಡ ಸೂರಪ್ಪ ಹತ್ತಿ ಮಿಲ್ಲಿನ ಕೂಲಿ. ಬೆಳಗಿನಿಂದ ಹೊಸ್ತಿಲ ಹೊರಗೆ ತಲೆಗೆ ಟವೆಲ್ಲು ಹಾಕಿಕೊಂಡು ಕೂತವನು ಎದ್ದಿರಲಿಲ್ಲ. ಒಬ್ಬಳೇ ಮಗಳು ಯಲ್ಲಕ್ಕ ಅತ್ತೂ ಅತ್ತೂ ದನಿ ಹೋಗಿ, ಒಳಗೆ ಕಂಬಕ್ಕೆ ಒರಗಿದ್ದಳು. ಉಚ್ಚೆಂಗೆಮ್ಮ ಮಾತ್ರ ಅತ್ತಿರಲಿಲ್ಲ. ಸೊಸೆಯ ತಲೆ ಬಾಚಿ ತುರುಬು ಕಟ್ಟಿದ್ದು, ಹಸಿರು ಸೀರೆ ಉಡಿಸಿದ್ದು ಎಲ್ಲ ಅವಳೇ.

ಹೆಣವನ್ನು ಹೊರಗೆ ತಂದು ಗೋಡೆಗೆ ಒರಗಿಸಿ ಕೂರಿಸುವ ಹೊತ್ತಿಗೆ ಸಾರಥಿ ಎಂಬ ಹಳ್ಳಿಯಿಂದ ಉಚ್ಚೆಂಗೆಮ್ಮನ ಹಿರಿಯ ಮಗ ಕಾಟಪ್ಪ ಬಂದ. ಊರಲ್ಲಿ ಹೊಲಮನೆ ನೋಡಿಕೊಂಡಿದ್ದವನು. ತಮ್ಮನ ಹೆಂಡತಿಯ ಪಾದಕ್ಕೆ ಹೂ ಹಾಕಿ, ನೇರವಾಗಿ ತಾಯಿಯನ್ನು ಹಿತ್ತಿಲಿಗೆ ಕರೆದ.

"ಹರಿಹರದ ಬೀಗರು ಬಸ್ಸು ಇಳಿದಾರಂತೆ. ಈಗ ಬರ್ತಾರೆ."

"ಬರಲಿ."

"ಬರಲಿ ಅಂದ್ರೆ ಆಗಲ್ಲವ್ವ. ನಾಕು ಜನ ಸೇರಿದ ಕಡೆ ಮಾತು ಎಲ್ಲಿಂದ ಎಲ್ಲಿಗೋ ಹೋಗ್ತದೆ. ಬೆಂಗಳೂರಿನ ಸುದ್ದಿ ಯಾರಾದ್ರೂ ಎತ್ತಿದ್ರೆ, ಹೊಟ್ಟಿ ಆಪರೇಶನ್ನಿಗೆ ಹೋಗಿದ್ಲು ಅಂತ ಹೇಳ್ರಿ ಅಂತ ಎಲ್ಲರಿಗೂ ಹೇಳೀನಿ. ನಿನಗೂ ಹೇಳಾಕತ್ತೀನಿ."

"ಹೊಟ್ಟಿ ಆಪರೇಶನ್ ಆದೋರಿಗೆ ಹೊಲಿಗಿ ಗುರ್ತು ಇರ್ತದೆ," ಎಂದಳು ಉಚ್ಚೆಂಗೆಮ್ಮ. "ಈಗ ತಾನೇ ಮೈ ತೊಳದೀವಿ. ಓಣಿ ಹೆಂಗಸ್ರೆಲ್ಲ ನೋಡ್ಯಾರೆ. ಬ್ಯಾರೆ ಸುಳ್ಳು ಹುಡುಕು."

"ತಮಾಷಿ ಮಾಡಬ್ಯಾಡವ್ವ. ಮುಂದಿನ ತಿಂಗಳು ನಮ್ಮ ಯಲ್ಲಿ ನಿಶ್ಚಿತಾರ್ಥ. ತಾಯಿ ಹುಚ್ಚಾಸ್ಪತ್ರೆಯಾಗೆ ಇದ್ಲು ಅಂತ ತಿಳಿದ್ರೆ ಯಾರು ಒಳಗೆ ಕರ್ಕೋತಾರೆ ಆ ಹುಡುಗೀನ? ಇದು ಮುರಿದ್ರೆ ನೀನೇ ಹೊಣೆ."

ಉಚ್ಚೆಂಗೆಮ್ಮ ಕೈಗೆ ಹತ್ತಿದ್ದ ಅರಿಶಿಣವನ್ನು ಒರಳುಕಲ್ಲಿನ ಅಂಚಿಗೆ ಒರೆಸಿ ಒಳಕ್ಕೆ ಹೋದಳು.

*

ಹೊನ್ನಕ್ಕ ಸೊಸೆಯಾಗಿ ಬಂದಿದ್ದು ಸಾರಥಿಗೆ. ಹೊಲ ಇಬ್ಬರು ಅಣ್ಣತಮ್ಮಂದಿರನ್ನು ಸಾಕುವಷ್ಟು ದೊಡ್ಡದಿರಲಿಲ್ಲ. ಸೂರಪ್ಪ ಮಿಲ್ಲಿನ ಕೆಲಸ ಹಿಡಿದು ದಾವಣಗೆರೆಗೆ ಬಂದ. ತಾಯಿ ಕಿರಿಯ ಮಗನ ಜೊತೆಗೇ ಬಂದಳು. ಹೊನ್ನಕ್ಕ ಹಯಾತ್ ಸಾಬರ ಭಟ್ಟಿ ಸೇರಿದಳು. ಭತ್ತ ಕುದಿಸುವುದು, ಒಣಗಿಸುವುದು, ಕಾದ ಮರಳಿಗೆ ಅಕ್ಕಿ ಸುರಿದು ಅದು ಮಂಡಕ್ಕಿಯಾಗಿ ಅರಳಿದ್ದೇ ಜರಡಿ ಹಿಡಿಯುವುದು. ಅವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳಿದ್ದ ಕಡೆ ನಗು ಇರುತ್ತಿತ್ತು.

ದಾವಣಗೆರೆ ಹತ್ತಿಯ ಊರು. ನ್ಯೂಯಾರ್ಕ್ ಎಂಬಲ್ಲಿ ಹತ್ತಿಯ ಧಾರಣೆ ಎಷ್ಟಕ್ಕೆ ತೆರೆಯಿತು, ಎಷ್ಟಕ್ಕೆ ಮುಚ್ಚಿತು ಎಂಬ ಸುದ್ದಿ ತಂತಿಯಲ್ಲಿ ಬಂದು ಮಂಡಿಪೇಟೆ ಮುಟ್ಟುತ್ತಿತ್ತು. ವರ್ತಕರಿಗೆ ಅದು ವ್ಯಾಪಾರದ ಮಾತು. ಉಳಿದವರಿಗೆ, ಆ ಧಾರಣೆಯ ಕೊನೆಯ ಅಂಕಿ ಯಾವುದೆಂದು ಊಹಿಸಿ ಕಾಸು ಕಟ್ಟುವ ಆಟ. ಅದಕ್ಕೇ ಓಸಿ ಎನ್ನುವುದು, ಎಲ್ಲರಿಗೂ ಗೊತ್ತು. ಭಟ್ಟಿಯಿಂದ ಮನೆಗೆ ಬರುವ ದಾರಿಯ ತಿರುವಿನಲ್ಲಿ ಭರಮಣ್ಣ ಎಂಬುವನ ಎಲೆಅಡಿಕೆ ಅಂಗಡಿ ಇತ್ತು. ಅವನು ಬೀಡಿ ಕಟ್ಟುಗಳ ಹಿಂದಿನಿಂದ ಅಂಕಿ ಬರೆದುಕೊಳ್ಳುತ್ತಿದ್ದ.

ಅರವತ್ತೊಂದನೆಯ ಇಸವಿಯಲ್ಲಿ ಹೊನ್ನಕ್ಕ ತಮಾಷೆಗೆಂದು ಒಂದು ಅಂಕಿ ಹೇಳಿದಳು. ಅದು ಬಂತು. ಗೆದ್ದ ದಿನ ಭಟ್ಟಿಯ ಹೆಂಗಸರಿಗೆಲ್ಲ ಬಳೆ ತೊಡಿಸಿದಳು.

ಆಮೇಲಿನದು ನಿಧಾನಕ್ಕೆ ಬಂದ ರೋಗ. ಅವಳು ಎಣಿಸತೊಡಗಿದಳು. ತಂತಿಯ ಮೇಲೆ ಕೂತ ಕಾಗೆ, ಬಸ್ಸಿನ ಹಣೆಯ ನಂಬರು, ಕನಸಿನಲ್ಲಿ ಬಂದ ಮೇಕೆಗಳು, ಎಲ್ಲ ಅಂಕಿಯಾದವು. ರೊಟ್ಟಿ ತಟ್ಟುತ್ತಿದ್ದವಳು ತಟ್ಟಿದ್ದೆಷ್ಟೆಂದು ನೋಡಿ ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದಳು. ತಾಮ್ರದ ಹಂಡೆ ಹೋಯಿತು. ಮಗಳ ಕಾಲ್ಗೆಜ್ಜೆ ಹೋಯಿತು. ಒಂದು ದಿನ ಉಚ್ಚೆಂಗೆಮ್ಮ ನೋಡಿದರೆ ಸೊಸೆಯ ತಾಳಿಯಲ್ಲಿ ಬಂಗಾರದ ಗುಂಡಿನ ಜಾಗದಲ್ಲಿ ಅರಿಶಿಣದ ಕೊಂಬು ಇತ್ತು.

ಸೂರಪ್ಪ ಹೊಡೆದ. ಕಾಟಪ್ಪ ಊರಿಂದ ಬಂದು, ತವರಿಗೆ ಅಟ್ಟು ಎಂದ. ಎಲ್ಲರೂ ಸೇರಿ ದುರ್ಗದ ಅಮ್ಮನ ಗುಡಿಗೆ ಕರೆದೊಯ್ದು ಅಂಗೈಯಲ್ಲಿ ಕರ್ಪೂರ ಹಚ್ಚಿ ಆಣೆ ಮಾಡಿಸಿದರು. ಹೊನ್ನಕ್ಕ ಮನಸಾರೆ ಆಣೆ ಮಾಡಿದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮರುದಿನ ಅದೇ ಬೊಬ್ಬೆಯ ಕೈಯನ್ನು ಭರಮಣ್ಣನ ಮುಂದೆ ಚಾಚಿದ್ದಳು.

ಅವತ್ತು ಸಂಜೆ ಅವಳು ಬಂದು ಅತ್ತೆಯ ಎದುರಿಗೆ ಕೂತಳು. ಉಚ್ಚೆಂಗೆಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ಅತ್ತೀ, ನನ್ನ ಕಟ್ಟಿಹಾಕು."

"ಏನಂದೆ?"

"ದನ ಕಟ್ಟೋ ಹಗ್ಗ ತಗಂಡು ಈ ಕಂಬಕ್ಕೆ ಕಟ್ಟಿಹಾಕು. ನಾನು ಹೋಗಬಾರ್ದು ಅಂತೀನಿ, ಕಾಲು ಹೋಗ್ತವೆ. ದೇವಿ ಮುಂದೆ ಸುಳ್ಳು ಹೇಳಲಿಲ್ಲ ಅತ್ತೀ. ಆಣೆ ಮಾಡಿದಾಗ ಖರೇನೇ ಅಂದಿದ್ದೆ."

ಉಚ್ಚೆಂಗೆಮ್ಮ ಮೆಣಸಿನಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅವಳೂ ಬೈದಿದ್ದಳು, ಶಾಪ ಹಾಕಿದ್ದಳು. ಆದರೆ ಕಳ್ಳರು ಹೀಗೆ ಬಂದು ಹಗ್ಗ ಕೇಳುವುದನ್ನು ಅವಳು ಕಂಡಿರಲಿಲ್ಲ. ಜ್ವರ ಬಂದವರು ಕಂಬಳಿ ಕೇಳುತ್ತಾರಲ್ಲ, ಹಾಗೆ ಕೇಳಿದ್ದಳು.

"ಇದು ಜಡ್ಡು," ಎಂದಳು ಉಚ್ಚೆಂಗೆಮ್ಮ. "ಕಟ್ಟಿಹಾಕಿದ್ರೆ ಜಡ್ಡು ಹೋಗಲ್ಲ."

*

ಹರಿಹರದಿಂದ ಬಂದವರು ಹಾಲೇಶಪ್ಪ ಮತ್ತು ಅವನ ಹೆಂಡತಿ ದುರುಗಮ್ಮ. ಅವರ ಮಗನಿಗೇ ಯಲ್ಲಕ್ಕನನ್ನು ಕೊಡುವ ಮಾತಾಗಿತ್ತು. ಹಾಲೇಶಪ್ಪ ಹೊಳೆಯ ದಂಡೆಯಲ್ಲಿ ಗದ್ದೆ ಇಟ್ಟುಕೊಂಡ ದೊಡ್ಡ ಮೈಯ, ಕಡಿಮೆ ಮಾತಿನ ಆಳು. ದುರುಗಮ್ಮ ಹೆಣದ ಮುಂದೆ ಕೂತು ಲಕ್ಷಣವಾಗಿ ಅತ್ತಳು. ಕಾಟಪ್ಪ ಅವರಿಗೆ ಚಾಪೆ ಹಾಕಿಸಿ, ತಾನೂ ಪಕ್ಕದಲ್ಲೇ ಕೂತ. ಯಾರನ್ನೂ ಅವರ ಹತ್ತಿರ ಬಿಡಬಾರದೆಂಬುದು ಅವನ ಯೋಚನೆ.

ಹಯಾತ್ ಸಾಬರು ಭಟ್ಟಿಯ ಬೆಂಕಿ ಆರಿಸಿ, ಕೆಲಸದವರನ್ನೆಲ್ಲ ಕಳಿಸಿ, ತಾವೂ ಬಂದು ಬೇವಿನ ಮರದ ಕೆಳಗೆ ನಿಂತಿದ್ದರು. ಅಷ್ಟರಲ್ಲಿ ಓಣಿಯ ಬಾಯಲ್ಲಿ ಭರಮಣ್ಣ ಕಾಣಿಸಿದ. ಕೈಯಲ್ಲಿ ದಪ್ಪ ಸುಗಂಧರಾಜ ಹಾರ. ಈಗ ಅವನಿಗೆ ಮಂಡಿಪೇಟೆಯಲ್ಲಿ ಎರಡು ಅಂಗಡಿ, ಮೈಮೇಲೆ ಇಸ್ತ್ರಿಯ ಅಂಗಿ. ಭಟ್ಟಿಯ ಹೆಂಗಸರು ಅವನನ್ನು ನೋಡಿ ಹಾಡಿಕೊಂಡು ಅಳುವುದನ್ನು ನಿಲ್ಲಿಸಿದರು.

ಅವನು ಯಾರ ಮುಖವನ್ನೂ ನೋಡದೆ ಹೆಣದ ಕಡೆ ನಡೆದ. ಉಚ್ಚೆಂಗೆಮ್ಮ ಎದ್ದು ಅಡ್ಡ ನಿಂತಳು.

"ಎಲ್ಲಿಗೆ?"

"ಹಾರ ಹಾಕಿ ಹೋಗ್ತೀನಿ ಅವ್ವ. ಪರಿಚಯದೋಳು."

"ಬ್ಯಾಡ."

"ಸತ್ತೋರ ಮುಂದೆ ಹಗೆ ಯಾಕವ್ವ? ನನಗೇನು ಕೆಟ್ಟ ಮನಸಿಲ್ಲ." ಅವನ ಕಣ್ಣಲ್ಲಿ ನಿಜಕ್ಕೂ ನೀರಿತ್ತು. "ಬೆಂಗಳೂರು ಹುಚ್ಚಾಸ್ಪತ್ರೆಯಿಂದ ಬಂದ ಮೇಲೆ ದಿನಾ ನನ್ನ ಅಂಗಡಿ ಮುಂದೆ ನಿಂತು ಬೈದು ಹೋಗ್ತಿದ್ಲು. ನಾನು ಒಂದಿನಾನಾದ್ರೂ ತಿರುಗಿ ಮಾತಾಡೀನೇನು, ಕೇಳ್ರಿ ಇವರನ್ನೆಲ್ಲ."

ದುರುಗಮ್ಮನ ಅಳು ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡು ಕಾಟಪ್ಪನ ಕಡೆ ತಿರುಗಿದಳು.

"ಹೊಟ್ಟಿ ಆಪರೇಶನ್ ಅಂದಿದ್ರಿ?"

"ಹೌದ್ರಿ, ಹೊಟ್ಟೀದೇ," ಎಂದ ಕಾಟಪ್ಪ. "ಈ ಮನುಷ್ಯ ಏನೋ ಬಾಯಿಗೆ ಬಂದಿದ್ದು ಹೇಳ್ತಾನೆ. ಏ, ನಡಿಯೋ ಇಲ್ಲಿಂದ."

"ಅವನು ಹೇಳಿದ್ದು ಖರೆ," ಎಂದಳು ಉಚ್ಚೆಂಗೆಮ್ಮ. ದನಿ ಏರಿಸಲಿಲ್ಲ, ಆದರೆ ಓಣಿಯ ಬಾಯಿಯವರೆಗೂ ಕೇಳಿತು. "ನನ್ನ ಸೊಸಿ ಓಸಿ ಆಡ್ತಿದ್ಲು. ಈ ಮನಿ ಸಾಮಾನೆಲ್ಲ ಇವನ ಅಂಗಡಿಗೆ ಹಾಕಿದ್ಲು. ಆಮೇಲೆ ಹುಚ್ಚಾಸ್ಪತ್ರೆಗೆ ಹೋದ್ಲು. ಕರ್ಕೊಂಡು ಹೋದೋಳು ನಾನು. ಅಲ್ಲಿ ಆಕಿ ಮಂಚದ ಕೆಳಗೆ ಮಲಗಿದೋಳೂ ನಾನು. ಆಕಿ ಆಟ ಬಿಟ್ಟು ಬಂದ್ಲು. ಇಷ್ಟು ಜನದಾಗೆ ಅಂಥಾದ್ದೊಂದು ಬಿಟ್ಟು ಬಂದೋರು ಯಾರದೀರಿ, ಮುಂದೆ ಬರ್ರಿ. ಆಮೇಲೆ ಆಕಿ ಬಗ್ಗೆ ಮಾತಾಡ್ರಿ."

"ಅವ್ವಾ," ಎಂದ ಕಾಟಪ್ಪ, ಹಲ್ಲು ಕಚ್ಚಿ.

ಬೆಳಗಿನಿಂದ ತಲೆ ಎತ್ತದ ಸೂರಪ್ಪ ಟವೆಲ್ಲು ಸರಿಸಿದ. "ಅವ್ವ ಹೇಳಿದ್ದರಾಗೆ ಸುಳ್ಳಿಲ್ಲಣ್ಣ. ಸುಮ್ನಿರು."

ಭರಮಣ್ಣ ಹಾರ ಹಿಡಿದುಕೊಂಡೇ ನಿಂತಿದ್ದ. ಭಟ್ಟಿಯ ಹೆಂಗಸರಲ್ಲಿ ಹಿರಿಯಳೊಬ್ಬಳು ಬಂದು, "ಹೋಗಪ್ಪ, ಅಂಗಡಿ ನೋಡ್ಕೋ ಹೋಗು," ಎಂದಳು. ಅವನು ಹೋದ.

ಹಾಲೇಶಪ್ಪ ಮಾತಾಡಿದ್ದು ಆಗ. ಮುಖ ನೆಲದ ಕಡೆಗಿತ್ತು.

"ಆಮೇಲೆ ಆಡಲೇ ಇಲ್ಲೇನು ಆಕಿ?"

*

ಸೊಸೆ ಹಗ್ಗ ಕೇಳಿದ ಸ್ವಲ್ಪ ದಿನಕ್ಕೆ, ಹಯಾತ್ ಸಾಬರ ಮನೆಯ ಮದುವೆಯ ದಿನ ಉಚ್ಚೆಂಗೆಮ್ಮ ಕರೆಯಿಲ್ಲದೆಯೇ ಹೋಗಿದ್ದಳು. ಅವರ ಹೆಂಡತಿಯ ತಮ್ಮ ಜಮಾಲುದ್ದೀನ್ ಬೆಂಗಳೂರಿನಲ್ಲಿ ಮನಸ್ಸಿನ ರೋಗದ ಡಾಕ್ಟರು, ಮದುವೆಗೆ ಬಂದಿದ್ದಾರೆ ಎಂದು ಭಟ್ಟಿಯಲ್ಲಿ ಯಾರೋ ಅಂದಿದ್ದು ಅವಳ ಕಿವಿಗೆ ಬಿದ್ದಿತ್ತು. ಚಪ್ಪರದಲ್ಲಿ ಗಂಡಸರ ಪಂಕ್ತಿ. ಕನ್ನಡಕ ಹಾಕಿದ ಆ ಡಾಕ್ಟರು ಊಟಕ್ಕೆ ಕೂತಿದ್ದರು. ಉಚ್ಚೆಂಗೆಮ್ಮ ಸೀದಾ ಹೋಗಿ ಎದುರಿಗೆ ನಿಂತಳು. ಅವಳ ಹಿಂದೆ ಹೊನ್ನಕ್ಕ, ಮುಖದ ತುಂಬ ಸೆರಗು.

"ನನ್ನ ಸೊಸಿಗೆ ಅಂಕಿ ಹುಚ್ಚು ಹಿಡದೈತೆ. ಇದಕ್ಕೆ ಔಷಧ ಐತೇನ್ರಿ?"

ಸುತ್ತ ಕೂತವರು ನಕ್ಕರು. ಡಾಕ್ಟರು ನಗಲಿಲ್ಲ. "ಊಟ ಆಗಲಿ ಅಮ್ಮ, ಮಾತಾಡೋಣ."

"ನೀವು ಉಣ್ರಿ. ನಾನು ಹೇಳ್ತಿರ್ತೀನಿ."

ಅವಳು ಹೇಳಿದಳು. ಅರ್ಧಕ್ಕೆ ಅವರು ಊಟ ನಿಲ್ಲಿಸಿದ್ದರು.

"ಮನೆಯಲ್ಲಿ ಹೊಡೆದಿದ್ದಾರಾ?"

"ನನ್ನ ಮಗ ಹೊಡದಾನೆ."

"ಬಿಟ್ಟರಾ?"

"ಇಲ್ಲ."

"ಆಣೆ ಮಾಡಿಸಿದಿರಲ್ಲ, ಆಗ?"

"ಆಗಲೂ ಬಿಡಲಿಲ್ಲ."

"ಸರಿ. ಆ ಎರಡೂ ಔಷಧ ಅಲ್ಲ ಅಂತ ನಿಮಗೇ ಗೊತ್ತಾಯ್ತು. ಬೆಂಗಳೂರಿಗೆ ಕರ್ಕೊಂಡು ಬನ್ನಿ. ನೀವೂ ಜೊತೆಗಿರಬೇಕು."

"ಅದನ್ನ ಹುಚ್ಚರ ಆಸ್ಪತ್ರೆ ಅಂತಾರಲ್ರಿ?"

"ಅಂತಾರೆ," ಎಂದರು ಡಾಕ್ಟರು. "ನಿಮಗೆ ಹೆಸರು ಬೇಕೋ, ಸೊಸೆ ಬೇಕೋ?"

ಮನೆಯಲ್ಲಿ ದೊಡ್ಡ ಜಗಳವಾಯಿತು. ಕಾಟಪ್ಪ ಬಂದು ಬಾಗಿಲಿಗೆ ಅಡ್ಡ ನಿಂತ. ನೀನು ಹೋದರೆ ನನ್ನ ಹೊಸ್ತಿಲು ತುಳಿಯಬೇಡ ಎಂದ. ಉಚ್ಚೆಂಗೆಮ್ಮ ಮಂಡಕ್ಕಿಯ ಚೀಲ ಬಗಲಿಗೆ ಏರಿಸಿ, ಸೊಸೆಯ ರಟ್ಟೆ ಹಿಡಿದು, ಹಿತ್ತಿಲ ಬಾಗಿಲಿನಿಂದ ಹೊರಟಳು. ಅದಕ್ಕೆ ಮೊದಲು ಅವಳು ರೈಲು ಹತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳಿಗೆ ಮೊದಲು ನಿರಾಸೆಯಾಯಿತು. ಸೀಸೆಯಿಲ್ಲ, ಸೂಜಿಯಿಲ್ಲ. ನಿದ್ದೆಗೆಂದು ಒಂದು ಗುಳಿಗೆ ಕೊಟ್ಟರು, ಅಷ್ಟೇ. ಹೊನ್ನಕ್ಕನನ್ನು ದಿನವೂ ಒಂದು ಕೋಣೆಗೆ ಕರೆದು ಮಾತಾಡಿಸುತ್ತಿದ್ದರು. ಉಳಿದ ಹೊತ್ತು ಬುಟ್ಟಿ ಹೆಣೆಯುವ ಕೆಲಸ. ವಾರ ಕಳೆದರೂ ಅದೇ ಆದಾಗ ಉಚ್ಚೆಂಗೆಮ್ಮ ಡಾಕ್ಟರನ್ನು ಜಗುಲಿಯಲ್ಲಿ ತಡೆದಳು.

"ಬರೇ ಮಾತಾಡಾಕೆ ಇಷ್ಟು ದೂರ ಬರಬೇಕಾಗಿತ್ತೇನ್ರಿ?"

"ಊರಲ್ಲಿ ಅವರ ಜೊತೆ ಯಾರು ಮಾತಾಡಿದ್ರು ಅಮ್ಮ?" ಎಂದರು ಅವರು.

ಮರುದಿನದಿಂದ ಉಚ್ಚೆಂಗೆಮ್ಮನನ್ನೂ ಒಳಗೆ ಕರೆದು ಕೂರಿಸಿಕೊಂಡರು. ಅಲ್ಲಿ ಅವಳು ಸೊಸೆಯ ಬಾಯಿಂದ ಕೇಳಿದ ಮಾತು ಸಾಯುವತನಕ ಮರೆಯುವಂಥದ್ದಲ್ಲ. ಗೆದ್ದಾಗ ಏನನ್ನಿಸುತ್ತಿತ್ತು ಎಂದು ಡಾಕ್ಟರು ಕೇಳಿದ್ದರು.

"ಗೆದ್ದಾಗ ಏನೂ ಇಲ್ರಿ," ಎಂದಳು ಹೊನ್ನಕ್ಕ. "ಸೋತಾಗಲೂ ಇಲ್ಲ. ಅಂಕಿ ಹೇಳಿ ಬಂದ ಮೇಲೆ, ಅದು ತಿಳಿಯೋ ತನಕ ಒಂದು ಹೊತ್ತು ಇರ್ತದಲ್ರಿ, ಅದೇ ಬೇಕು. ಆವಾಗ ನಾನು ಯಾರ ಹೆಂಡ್ತೀನೂ ಅಲ್ಲ, ಭಟ್ಟಿಯೋಳೂ ಅಲ್ಲ. ಏನು ಬೇಕಾದ್ರೂ ಆಗಬೋದು ಅನ್ನಿಸ್ತದೆ. ಮರಳು ಹುರಿಯೋವಾಗ ಹಂಗೆ ಎಂದೂ ಅನ್ನಿಸಲ್ರಿ."

ಉಚ್ಚೆಂಗೆಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಅವಳಿಗೂ ಯಾವತ್ತೂ ಹಾಗೆ ಅನ್ನಿಸಿರಲಿಲ್ಲ. ಅನ್ನಿಸಬಹುದೆಂದೂ ಗೊತ್ತಿರಲಿಲ್ಲ.

ಹೊರಡುವಾಗ ಡಾಕ್ಟರು ಸೊಸೆಗೆ ಹೇಳಿದರು: ಕೂಲಿ ನಿಮ್ಮ ಕೈಗೆ ಬರೋದು ಬೇಡ, ಅತ್ತೆ ತಗೊಳ್ಳಲಿ. ಆ ಅಂಗಡಿಯ ಮುಂದೆ ಒಬ್ಬರೇ ಹೋಗಬೇಡಿ. ತಿಂಗಳಿಗೊಮ್ಮೆ ಬನ್ನಿ, ಆಡದಿದ್ದರೂ ಬನ್ನಿ, ಆಡಿದ್ದರೆ ತಪ್ಪದೆ ಬನ್ನಿ. ಅತ್ತೆಗೆ ಹೇಳಿದ್ದು ಬೇರೆ: "ಸೆರಗಿನ ಗಂಟು ಹುಡುಕಬೇಡಿ. ಅವರನ್ನೇ ಕೇಳಿ. ಮುಚ್ಚಿಡಬೇಡಿ. ಮುಚ್ಚಿಟ್ಟಷ್ಟೂ ಈ ಕಾಯಿಲೆಗೆ ಅನುಕೂಲ."

ತಿರುಗಿ ಬಂದಾಗ ಭಟ್ಟಿಯ ಹೆಂಗಸರು ದೂರ ಸರಿದು ಕೂತರು. ಒಬ್ಬಳು ತನ್ನ ಕೂಸನ್ನು ಎತ್ತಿಕೊಂಡು ಆಚೆ ಇಟ್ಟಳು. ಹೊನ್ನಕ್ಕ ಜರಡಿ ಕೆಳಗಿಟ್ಟು ಎದ್ದು ನಿಂತಳು.

"ಹೌದು, ಹುಚ್ಚಾಸ್ಪತ್ರೆಯಾಗೆ ಇದ್ದೆ. ಕಚ್ಚಲ್ಲ. ನನ್ನಿಂದ ಒಂದು ಕೆಲಸ ಆಗಲ್ಲ ಅಂತ ಡಾಕ್ಟ್ರು ಹೇಳ್ಯಾರೆ, ಭರಮಣ್ಣನ ಅಂಗಡಿ ಒಬ್ಬಳೇ ದಾಟೋದು. ಸಂಜಿಗೆ ಯಾರು ಬರ್ತೀರಿ ನನ್ನ ಜೊತೆ?"

ಮೊದಲ ದಿನ ಯಾರೂ ಏಳಲಿಲ್ಲ. ಉಚ್ಚೆಂಗೆಮ್ಮ ಬಂದು ಕರೆದೊಯ್ದಳು. ಕೆಲವು ದಿನ ಕಳೆದ ಮೇಲೆ ಕೂಸಿನ ತಾಯಿಯೇ ಎದ್ದಳು. ಆಮೇಲೆ ಅದು ರೂಢಿಯಾಯಿತು. ಸಂಜೆ ಮಸಿ ಮೋರೆಯ ಹೆಂಗಸರ ಗುಂಪು, ನಡುವೆ ಹೊನ್ನಕ್ಕ, ತಿರುವಿಗೆ ಬಂದಾಗ ಎಲ್ಲರೂ ಒಟ್ಟಿಗೆ ಭರಮಣ್ಣನನ್ನು ಬೈದು ನಗುತ್ತಾ ದಾಟುವುದು.

ಒಮ್ಮೆ ಜಾರಿದಳು. ಗೌರಿಹಬ್ಬದ ಹಿಂದಿನ ದಿನ, ಒಬ್ಬಳೇ. ಮನೆಗೆ ಬಂದು ಅತ್ತೆಯ ಮುಂದೆ ನಿಂತು, "ಆಡಿ ಬಂದೆ," ಎಂದಳು. ಉಚ್ಚೆಂಗೆಮ್ಮನ ಕೈ ಮೇಲೆದ್ದಿತ್ತು. ಎದ್ದ ಕೈಯನ್ನು ಇಳಿಸಿ, ಮಂಡಕ್ಕಿಯ ಚೀಲ ತುಂಬಿದಳು. ಹಬ್ಬದ ದಿನ ಅತ್ತೆ ಸೊಸೆ ಇಬ್ಬರೂ ಬೆಂಗಳೂರಿನ ರೈಲಿನಲ್ಲಿದ್ದರು.

ಅದೇ ಕೊನೆ.

*

"ಒಂದು ಸಲ ಆಡಿದ್ಲು," ಎಂದಳು ಉಚ್ಚೆಂಗೆಮ್ಮ ಹಾಲೇಶಪ್ಪನಿಗೆ. "ಬಂದು ತಾನೇ ಹೇಳಿದ್ಲು. ಆಮೇಲೆ ಸಾಯೋತನಕ ಆಡಲಿಲ್ಲ."

ಹಾಲೇಶಪ್ಪ ತಲೆ ಆಡಿಸಿದ.

ಮಧ್ಯಾಹ್ನ ಹೆಣ ಎತ್ತಿದರು. ಹಲಗೆ, ತಮಟೆಯ ಬಡಿತ ಮುಂದೆ, ಹಿಂದೆ ಭಟ್ಟಿಯ ಹೆಂಗಸರು. ಮಂಡಿಪೇಟೆಯ ಕಡೆಯ ದಾರಿ ಬೇಡ, ಹಿಂದಿನ ಓಣಿಯಿಂದ ಹೋಗೋಣ ಎಂದು ಕಾಟಪ್ಪ ಹೊರುವವರಿಗೆ ಹೇಳಿದ.

"ಯಾಕೆ?" ಎಂದಳು ಯಲ್ಲಕ್ಕ. ಅವಳ ಬಿದ್ದ ದನಿ ಅಷ್ಟು ಹೊತ್ತಿಗೆ ಎದ್ದಿತ್ತು. "ನಮ್ಮವ್ವ ಏನು ಕದ್ದಾಳೆ, ದೊಡ್ಡಪ್ಪ? ದೊಡ್ಡ ಬೀದ್ಯಾಗೇ ಹೋಗ್ಲಿ."

ಹೊರುವವರು ಸೂರಪ್ಪನ ಮುಖ ನೋಡಿದರು. ಅವನು ದೊಡ್ಡ ಬೀದಿಯ ಕಡೆ ಕೈ ಮಾಡಿದ. ಹಯಾತ್ ಸಾಬರು ಸ್ವಲ್ಪ ದೂರ ಹೆಗಲು ಕೊಟ್ಟರು.

ಮಣ್ಣು ಕೊಟ್ಟು, ಮಿಂದು ಎಲ್ಲರೂ ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ನೆಂಟರು ದೀಪ ನೋಡಿ ಒಬ್ಬೊಬ್ಬರೇ ಹೊರಟರು. ಕಾಟಪ್ಪ ತಾಯಿಯ ಕೂಡ ಮಾತು ಬಿಟ್ಟಿದ್ದ. ಜಗುಲಿಯ ತುದಿಯಲ್ಲಿ ಕೂತು ಹರಿಹರದವರ ಚೀಲಗಳನ್ನೇ ನೋಡುತ್ತಿದ್ದ. ದುರುಗಮ್ಮ ತನ್ನ ಚೀಲ ಎತ್ತಿಕೊಂಡಿದ್ದಳು. ಮದುವೆಯ ಮಾತು ಮುರಿಯಿತೆಂದೇ ಎಲ್ಲರೂ ತಿಳಿದರು.

ಆದರೆ ದುರುಗಮ್ಮ ಬೀದಿಗೆ ಇಳಿಯಲಿಲ್ಲ. ಹಿತ್ತಿಲಿಗೆ ಬಂದಳು. ಉಚ್ಚೆಂಗೆಮ್ಮ ಒದ್ದೆ ಸೀರೆಯಲ್ಲೇ ಒರಳುಕಲ್ಲಿನ ಮೇಲೆ ಕೂತಿದ್ದಳು. ಆಗ ಅವಳು ಅಳುತ್ತಿದ್ದಳು, ದನಿಯಿಲ್ಲದೆ.

"ಆ ಡಾಕ್ಟ್ರು ಇನ್ನೂ ಅದಾರೇನ್ರಿ ಅಲ್ಲಿ?" ಎಂದಳು ದುರುಗಮ್ಮ.

ಉಚ್ಚೆಂಗೆಮ್ಮ ಕಣ್ಣೊರೆಸಿಕೊಂಡಳು. "ಅದಾರೆ. ಯಾಕವ್ವ?"

ದುರುಗಮ್ಮ ಹಿಂದೆ ತಿರುಗಿ ನೋಡಿದಳು. ಗಂಡ ಬಾಗಿಲ ಹತ್ತಿರ ನಿಂತಿದ್ದ. "ಹೊಳಿ ದಂಡ್ಯಾಗೆ ಒಂದು ಮಂಟಪ ಐತೆ. ಅಲ್ಲಿ ಇವರು ಇಸ್ಪೀಟು ಆಡ್ತಾ ಕೂತ್ರೆ ಎರಡು ದಿನ ಮನಿ ಕಡೆ ಬರಲ್ಲ. ಹೋದ ಸಲ ಸುಗ್ಗಿ ಹೊತ್ನಾಗೂ ಅಲ್ಲೇ ಇದ್ರು. ಮಗನ ಎದುರಿಗೆ ಅಳ್ತಾರೆ, ಬಿಡ್ತೀನಿ ಅಂತಾರೆ. ಮತ್ತೆ ಹೋಗ್ತಾರೆ. ನಿಮ್ಮನ್ಯಾಗೆ ಗೊತ್ತಾದ್ರೆ ಹುಡುಗಿ ಕೊಡಲ್ಲ ಅಂತ ನಾವೇ ಹೆದರಿದ್ವಿ."

ಹಾಲೇಶಪ್ಪನ ಮುಖ ಕಪ್ಪಿಟ್ಟಿತು. ಆದರೆ ಅವನು ಹೋಗಲಿಲ್ಲ.

ಕಾಟಪ್ಪ ಇದನ್ನೆಲ್ಲ ಜಗುಲಿಯಿಂದ ಕೇಳಿಸಿಕೊಂಡು ಬಂದ. ಅವನ ಮುಖದಲ್ಲಿ ಬೇರೆ ಲೆಕ್ಕ ಶುರುವಾಗಿತ್ತು. "ಹಂಗಾದ್ರೆ ಸರಿಯಾಯ್ತು ಬಿಡ್ರಿ. ಇಬ್ಬರ ಮನಿ ದೋಸೆನೂ ತೂತೇ. ನಿಶ್ಚಿತಾರ್ಥ..."

"ನೀನು ಸುಮ್ನಿರು," ಎಂದಳು ಉಚ್ಚೆಂಗೆಮ್ಮ. "ಮದುವಿ ಮಾತು ಬ್ಯಾರೆ, ಇದು ಬ್ಯಾರೆ. ಆ ಹುಡುಗ ಎಂಥೋನು, ನಮ್ಮ ಹುಡುಗಿಗೆ ಬೇಕೋ ಬ್ಯಾಡೋ, ಅದನ್ನ ಯಲ್ಲಿ ಹೇಳ್ತಾಳೆ. ಇವರನ್ನ ಆಸ್ಪತ್ರೆಗೆ ಕಳಿಸೋದಕ್ಕೂ ಅದಕ್ಕೂ ಗಂಟು ಹಾಕಬ್ಯಾಡ."

"ಸತ್ತ ಮನ್ಯಾಗೆ, ಹೆಣ ಹೋದ ದಿನವೇ ಇದೆಲ್ಲ ಯಾಕವ್ವ? ದಿನ ಆಗಲಿ, ತಿಥಿ ಮುಗೀಲಿ."

"ಇವತ್ತು ಕೇಳಾಕೆ ಬಂದಾರೆ. ನಾಳೆ ಕಾಲು ಮಂಟಪದ ಕಡೆ ಹೋಗ್ತವೆ. ನನಗೆ ಗೊತ್ತಿಲ್ಲೇನು?" ಅವಳು ಹಾಲೇಶಪ್ಪನ ಕಡೆ ತಿರುಗಿದಳು. "ಅಲ್ಲಿ ಕಟ್ಟಿಹಾಕಲ್ಲ, ಹೊಡೆಯಲ್ಲ. ಮಾತಾಡಿಸ್ತಾರೆ. ಸುಳ್ಳು ಹೇಳಿದ್ರೂ ಕೇಳಿಸ್ಕೋತಾರೆ. ಒಂದೇ ಸಲಕ್ಕೆ ಹೋಗಲ್ಲ ಇದು. ಬಿದ್ರೆ ಮತ್ತೆ ಹೋಗಬೇಕು. ನಾಚಿಕಿ ಅಂತ ಕೂತ್ರೆ ನಾಚಿಕಿ ಉಳೀತದೆ, ನೀವು ಉಳಿಯಲ್ಲ."

"ನಮಗೆ ಬೆಂಗಳೂರು ಗೊತ್ತಿಲ್ಲ," ಎಂದಳು ದುರುಗಮ್ಮ. "ಎಲ್ಲಿ ಇಳಿಯೋದು, ಎಲ್ಲಿಗೆ ಹೋಗೋದು?"

ಉಚ್ಚೆಂಗೆಮ್ಮನಿಗೆ ಓದು ಬರಹ ಇರಲಿಲ್ಲ. ಅವಳು ಒರಳುಕಲ್ಲಿನಿಂದ ಇಳಿದು, ಬೇಲಿಯಿಂದ ಒಂದು ಕಡ್ಡಿ ಮುರಿದುಕೊಂಡು ನೆಲಕ್ಕೆ ಕೂತಳು. ಬೆಳಗ್ಗೆ ಸೊಸೆಗೆ ಹೊಯ್ದ ನೀರಿನಿಂದ ಹಿತ್ತಿಲ ಮಣ್ಣು ಇನ್ನೂ ಮೆತ್ತಗಿತ್ತು.

"ಇದು ಟೇಶನ್ನು," ಎಂದು ಒಂದು ಗುಂಡಗೆ ಗೀರಿದಳು. "ಇಲ್ಲಿ ಹೊರಗೆ ಬಂದ್ರೆ ಜಟಕಾ ನಿಂತಿರ್ತವೆ. ಹತ್ತಬ್ಯಾಡ್ರಿ, ಸುತ್ತಿಸ್ತಾರೆ. ಸಿಟಿ ಬಸ್ಸು ಇಲ್ಲಿ. ಕಂಡಕ್ಟರಿಗೆ ಹುಚ್ಚಾಸ್ಪತ್ರೆ ಅಂತ ಜೋರಾಗಿ ಹೇಳ್ರಿ. ಮೆಲ್ಲಗೆ ಹೇಳಿದ್ರೆ ಮುಂದಿನ ಸ್ಟಾಪಿಗೆ ಬಿಡ್ತಾನೆ. ಇಲ್ಲಿ ದೊಡ್ಡ ಗೇಟು. ಒಳಗೆ ಹೋದ್ರೆ ಮರದ ಸಾಲು."

ಗೆರೆ ಉದ್ದವಾಗುತ್ತಾ ಹೋಯಿತು. ಯಲ್ಲಕ್ಕ ಒಳಗಿನಿಂದ ಲಾಟೀನು ತಂದು ಅಜ್ಜಿಯ ಪಕ್ಕ ಹಿಡಿದಳು. ಕಾಟಪ್ಪ ಏನೋ ಗೊಣಗಿ ಒಳಕ್ಕೆ ಹೋದ.

ಹಾಲೇಶಪ್ಪ ಬಾಗಿಲು ಬಿಟ್ಟು ಬಂದ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕೊಂಡು, ಒದ್ದೆ ಮಣ್ಣಿನ ಮೇಲಿನ ಆ ಗೆರೆಗಳನ್ನು ತುಳಿಯದ ಹಾಗೆ ಸುತ್ತಿ ಬಂದು, ಮುದುಕಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತ. ದೊಡ್ಡ ಮೈ ಮುಂದಕ್ಕೆ ಬಾಗಿತು. ಅವನ ಬೆರಳು ಗೇಟಿನ ಗುರುತಿನ ಹತ್ತಿರ ಬಂದು ನಿಂತಿತು.

"ಒಳಗೆ ಹೋದ ಮೇಲೆ ಬಲಕ್ಕೋ, ಎಡಕ್ಕೋ?" ಎಂದು ಕೇಳಿದ.